ಹತ್ತು ಇಂಚಿನ ಲ್ಯಾಪ್‌ಟಾಪು, ಮಂಕಾದ ಕಣ್ಣು, ಕಾಂಪಿಜ್: ಒಂದು ಪ್ರಕರಣ

ಹಿನ್ನೆಲೆ

ಮಲೆನಾಡಿನ ಒಂದು ಮನೆಯಲ್ಲಿ 2024ರಲ್ಲಿ ನಡೆದ ಪ್ರಕರಣ ಇದು. ಊರು, ಹೆಸರು ಯಾವುದೂ ಬೇಡ. ಗುರುತು ಸಿಗಬಾರದು ಅಂತ ಮನೆಯವರ ಬಗ್ಗೆ ಒಂದೆರಡು ವಿವರ ಬದಲಿಸಿದ್ದೇನೆ. ತಾಂತ್ರಿಕ ವಿವರ ಮಾತ್ರ ಇದ್ದದ್ದು ಇದ್ದ ಹಾಗೆ.

ಮನೆಯಲ್ಲಿ ಒಬ್ಬರು ನಿವೃತ್ತ ಕನ್ನಡ ಶಿಕ್ಷಕಿ, ಎಪ್ಪತ್ತು ದಾಟಿದವರು. ಇಲ್ಲಿ ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ಅವರ ಮೊಮ್ಮಗ ಹೈಸ್ಕೂಲು ಹುಡುಗ. ಮನೆಯಲ್ಲಿ ಹಳೇ ನೆಟ್‌ಬುಕ್ (ಪುಟ್ಟ ಲ್ಯಾಪ್‌ಟಾಪ್) ಒಂದಿತ್ತು, 2009ರ ಸುಮಾರಿಗೆ ಕೊಂಡಿದ್ದು, ಬಹಳ ವರ್ಷ ಬೀರುವಿನಲ್ಲಿ ಬಿದ್ದಿತ್ತು. ಇಂಟೆಲ್ ಆಟಮ್ ಎನ್270 ಪ್ರೊಸೆಸರ್, 1.6 ಗಿಗಾಹರ್ಟ್ಜ್, ಒಂದೇ ಕೋರ್. 945ಜಿಎಸ್‌ಇ ಚಿಪ್‌ಸೆಟ್, ಅದರೊಳಗೇ ಜಿಎಂಎ 950 ಗ್ರಾಫಿಕ್ಸ್. ಪರದೆ 1024 ಅಗಲ, 600 ಎತ್ತರ. ರ‍್ಯಾಮ್ 1 ಜಿಬಿ ಇದ್ದದ್ದನ್ನು ಹುಡುಗ ರಿಪೇರಿ ಅಂಗಡಿಯಿಂದ ಹಳೇ ಡಿಡಿಆರ್2 ಪಟ್ಟಿ ತಂದು 2 ಜಿಬಿ ಮಾಡಿದ್ದ. ಅದಕ್ಕಿಂತ ಜಾಸ್ತಿಯನ್ನು ಆ ಚಿಪ್‌ಸೆಟ್ ಒಪ್ಪುವುದಿಲ್ಲ. ಎನ್270ಗೆ 64 ಬಿಟ್ ಬರುವುದಿಲ್ಲ, ಹಾಗಾಗಿ ಉಬುಂಟು ಅನ್ನುವ ಲಿನಕ್ಸ್‌ನ ಹೊಸ ಆವೃತ್ತಿಗಳ ಮಾತೇ ಇಲ್ಲ. ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12ಕ್ಕೆ ಇನ್ನೂ 32 ಬಿಟ್ ಇನ್‌ಸ್ಟಾಲರ್ ಇತ್ತು, ಹುಡುಗ ಅದನ್ನೇ ಹಾಕಿಕೊಂಡಿದ್ದ.

ನನ್ನನ್ನು ಕರೆದಿದ್ದು ಹುಡುಗ. ಡೆಸ್ಕ್‌ಟಾಪ್ ಒಂದು ಡಬ್ಬಿಯ ಹಾಗೆ ಗಿರ್ರನೆ ತಿರುಗುವ ಹಳೇ ವಿಡಿಯೋ ಎಲ್ಲೋ ನೋಡಿದ್ದ. "ಅಣ್ಣ, ನಮ್ ಲ್ಯಾಪ್‌ಟಾಪಲ್ಲಿ ಇದು ಬರುತ್ತಾ?" ಅಂತ ಕೇಳಿದ.

ಅವನು ಕೇಳಿದ್ದು ಆಗದ ಮಾತೇನಲ್ಲ. ಆ ವಿಡಿಯೋದಲ್ಲಿದ್ದದ್ದು ಕಾಂಪಿಜ್, ಲಿನಕ್ಸ್‌ನಲ್ಲಿ ವಿಂಡೋಗಳನ್ನು ನೋಡಿಕೊಳ್ಳುತ್ತಾ ಇಂಥ ಎಫೆಕ್ಟು ತೋರಿಸುವ ಸಾಫ್ಟ್‌ವೇರ್. ನೊವೆಲ್ ಕಂಪನಿಯ ಡೇವಿಡ್ ರೆವೆಮನ್ 2006ರಲ್ಲಿ ಹೊರತಂದದ್ದು. ಅದೇ ವರ್ಷ ಬೆರಿಲ್ ಅಂತ ಒಂದು ಕವಲು ಒಡೆಯಿತು. 2007ರಲ್ಲಿ ಎರಡೂ ಮತ್ತೆ ಸೇರಿ ಕಾಂಪಿಜ್ ಫ್ಯೂಷನ್ ಆಯಿತು. ಉಬುಂಟು 7.10ರಲ್ಲಿ ಅದು ತಾನಾಗಿಯೇ ಆನ್ ಆಗಿ ಬರುತ್ತಿತ್ತು. ಆ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇದ್ದದ್ದು ಇದೇ ಜಿಎಂಎ 950. ಈ ಗ್ರಾಫಿಕ್ಸ್ ಚಿಪ್ ಮತ್ತು ಈ ಸಾಫ್ಟ್‌ವೇರ್ ಒಂದೇ ಕಾಲದವು, ಒಂದಕ್ಕೊಂದು ಹೊಂದುತ್ತವೆ. ಹೊಸ ಕಾಲದ ಎಫೆಕ್ಟುಗಳು ಕೇಳುವ ಶೇಡರ್ (ಬಣ್ಣ, ನೆರಳು ಲೆಕ್ಕ ಹಾಕುವ) ಶಕ್ತಿ ಈ ಚಿಪ್‌ನಲ್ಲಿಲ್ಲ. ವರ್ಟೆಕ್ಸ್ (ಆಕಾರದ ಮೂಲೆ ಬಿಂದುಗಳ) ಲೆಕ್ಕವನ್ನಂತೂ ಪೂರ್ತಿ ಸಿಪಿಯು ಮಾಡಬೇಕು. ಆದರೆ ಕಾಂಪಿಜ್‌ನ 0.8 ಸರಣಿ ಬರೆದದ್ದೇ ಇಂಥ ಚಿಪ್‌ಗಳು ಇದ್ದಾಗ.

ಡೆಬಿಯನ್‌ನಲ್ಲಿ ನಡುವೆ ಕೆಲವು ಆವೃತ್ತಿ ಕಾಂಪಿಜ್ ಇರಲಿಲ್ಲ. ಡೆಬಿಯನ್ 10ರಲ್ಲಿ ವಾಪಸ್ ಬಂತು. ವಾಪಸ್ ತಂದವರು ಯಾರು ಅಂತ ನೋಡಿದರೆ, ದೃಷ್ಟಿದೋಷ ಇರುವವರಿಗಾಗಿ ಕೆಲಸ ಮಾಡುವ ಫ್ರಾನ್ಸ್‌ನ ಹಿಪ್ರಾ ಕಂಪನಿಯವರು ಮತ್ತು ಡೆಬಿಯನ್‌ನ ಆಕ್ಸೆಸಿಬಿಲಿಟಿ ತಂಡದವರು. ಡಬ್ಬಿ ತಿರುಗಿಸಲಿಕ್ಕಲ್ಲ, ಜೂಮ್‌ಗಾಗಿ, ಬಣ್ಣ ತಿರುವಿ (ಬಿಳಿ ಕಪ್ಪಾಗಿ, ಕಪ್ಪು ಬಿಳಿಯಾಗಿ) ತೋರಿಸುವುದಕ್ಕಾಗಿ. ಈ ಪ್ರಕರಣ ಮುಂದೆ ಹಿಡಿದ ದಾರಿಯೂ ಅದೇ.

ಮೊದಲ ತೊಡಕು: ಅಕ್ಷರವೇ ಅಗಲವಾಗಿತ್ತು

ಅವರ ಮನೆಗೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಪರದೆಯ ಅಕ್ಷರ. ಎಲ್ಲವೂ ಅಡ್ಡಡ್ಡ ಹಿಗ್ಗಿದ ಹಾಗಿತ್ತು, ಅಂಚು ಮಸುಕು. ಹುಡುಗ ಅದಕ್ಕೆ ಒಗ್ಗಿ ಹೋಗಿದ್ದ. ಟೀಚರ್ ಮಾತ್ರ, "ನನ್ನ ಕಣ್ಣೇ ಹೀಗೆ ಅಂದ್ಕೊಂಡಿದ್ದೆ" ಅಂದರು.

ಪರದೆಯ ಸೆಟ್ಟಿಂಗ್ ತೆರೆದರೆ 800 ಅಡ್ಡ 600 ಅಂತ ತೋರಿಸುತ್ತಿತ್ತು. 1024ರ ಆಯ್ಕೆಯೇ ಇಲ್ಲ. ಗ್ರಾಫಿಕ್ಸ್ ವಿವರ ತೋರಿಸುವ ಜಿಎಲ್‌ಎಕ್ಸ್‌ಇನ್ಫೊ ಕಮಾಂಡ್ ಓಡಿಸಿ, ಚಿತ್ರ ಬಿಡಿಸುತ್ತಿರುವುದು ಯಾವುದು ಅಂತ ಹೇಳುವ ರೆಂಡರರ್ ಸಾಲು ನೋಡಿದೆವು. ಅಲ್ಲಿ ಇಂಟೆಲ್ ಹೆಸರಿರಲಿಲ್ಲ, ಎಲ್‌ಎಲ್‌ವಿಎಂಪೈಪ್ ಅಂತಿತ್ತು. ಅಂದರೆ ಗ್ರಾಫಿಕ್ಸ್ ಚಿಪ್ ಸುಮ್ನೆ ಕೂತಿದೆ, ಅದರ ಕೆಲಸವನ್ನೂ ಆ ಒಂಟಿ ಕೋರ್ ಆಟಮ್ಮೇ ಮಾಡುತ್ತಿದೆ. ಈ ಸ್ಥಿತಿಯಲ್ಲಿ ಯಾವ ಎಫೆಕ್ಟ್ ಹಾಕಿದರೂ ಮೌಸ್ ಕೂಡ ತೆವಳುತ್ತದೆ.

ಕಾರಣ ಹುಡುಕಲು ಜಾಸ್ತಿ ಹೊತ್ತು ಬೇಕಾಗಲಿಲ್ಲ. ಇನ್‌ಸ್ಟಾಲ್ ಮಾಡುವಾಗ ಒಮ್ಮೆ ಪರದೆ ಕಪ್ಪಾಗಿತ್ತಂತೆ. ಯಾರೋ ಹೇಳಿದ ಹಾಗೆ ಹುಡುಗ ಬೂಟ್ ಸಾಲಿನಲ್ಲಿ ನೊಮೋಡ್‌ಸೆಟ್ ಅನ್ನುವ ಪದ ಸೇರಿಸಿದ್ದ. ಅದು ಗ್ರಬ್‌ನ (ಮಷಿನ್ ಶುರುವಾಗುವಾಗ ಲಿನಕ್ಸ್ ತುಂಬುವ ಪ್ರೋಗ್ರಾಂ) ಸೆಟ್ಟಿಂಗ್ ಫೈಲಿನಲ್ಲಿ ಹಾಗೇ ಉಳಿದುಬಿಟ್ಟಿತ್ತು. ಆ ಪದ ಇದ್ದರೆ ಇಂಟೆಲ್‌ನ ಕರ್ನೆಲ್ ಡ್ರೈವರ್ ಕೆಲಸಕ್ಕೇ ಇಳಿಯುವುದಿಲ್ಲ. ಪರದೆಗೆ ಬೇಕಾದ ಸರಿಯಾದ ಅಳತೆಯೂ ಸಿಗುವುದಿಲ್ಲ, 3ಡಿ ವೇಗವೂ ಸಿಗುವುದಿಲ್ಲ. ಪದ ತೆಗೆದು, ಗ್ರಬ್ ಅಪ್‌ಡೇಟ್ ಮಾಡಿ, ಮತ್ತೆ ಶುರು ಮಾಡಿದೆವು. 1024 ಅಡ್ಡ 600 ಬಂತು. ರೆಂಡರರ್ ಸಾಲಿನಲ್ಲಿ ಐ915, ಚಿಪ್‌ಸೆಟ್ 945 ಅಂತ ಬಂತು. ಕಪ್ಪು ಪರದೆ ಮತ್ತೆ ಕಾಣಿಸಲಿಲ್ಲ.

ಹಳೇ ಲ್ಯಾಪ್‌ಟಾಪ್‌ನಲ್ಲಿ ಎಫೆಕ್ಟ್ ನಿಧಾನ ಅಂತ ಹೇಳುವವರು ಮೊದಲು ಈ ಒಂದು ಸಾಲನ್ನು ನೋಡಲಿ ಅಂತ ನನ್ನ ಆಸೆ. ಎಲ್‌ಎಲ್‌ವಿಎಂಪೈಪ್ ಅಂತ ಇದ್ದರೆ ಥೀಮ್, ಕಂಪೋಸಿಟರ್ (ವಿಂಡೋಗಳನ್ನು ಕೂಡಿಸಿ ಪರದೆಗೆ ಬಿಡಿಸುವ ಭಾಗ), ಪ್ಲಗಿನ್ (ಒಂದೊಂದು ಸೌಲಭ್ಯ ಸೇರಿಸುವ ತುಣುಕು) ಯಾವುದನ್ನು ಬದಲಿಸಿದರೂ ಪ್ರಯೋಜನ ಇಲ್ಲ.

ಕೆಲಸದ ದಿಕ್ಕು ಬದಲಾದದ್ದು

ಅಕ್ಷರ ಸರಿಯಾದ ಮೇಲೆ ಹುಡುಗನಿಗೆ ಆ ತಿರುಗುವ ಡಬ್ಬಿ, ಅಂದರೆ ಕ್ಯೂಬ್, ತೋರಿಸುವ ಆತುರ. ಟೀಚರ್ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅವರಿಗೆ ಕಣ್ಣಿನ ನಡುಭಾಗದ ದೃಷ್ಟಿ ಕಮ್ಮಿಯಾಗುತ್ತಾ ಬಂದಿದೆ. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ ಜಾಗ ಮಂಕು. ಬಿಳಿ ಪರದೆ ನೋಡಿದರೆ ಕಣ್ಣು ಚುಚ್ಚಿದ ಹಾಗಾಗುತ್ತದೆ. ಮೊಬೈಲಿನಲ್ಲಿ ಓದುವುದನ್ನು ಬಿಟ್ಟೇಬಿಟ್ಟಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಅದು ತಿರುಗೋದೆಲ್ಲ ಇರಲಿ ಮಾರಾಯ, ಅಕ್ಷರ ದೊಡ್ಡದಾಗಿ, ಬಿಳಿ ಜಾಗ ಕಪ್ಪಾಗಿ ಕಾಣೋ ಹಾಗೆ ಮಾಡ್ಲಿಕ್ಕೆ ಆಗ್ತದಾ?"

ಹುಡುಗ ನನ್ನ ಮುಖ ನೋಡಿದ. ಆಗ್ತದೆ, ಅದೇ ಸಾಫ್ಟ್‌ವೇರಿನಿಂದಲೇ ಆಗ್ತದೆ ಅಂದೆ. ಮುಂದಿನ ಎಲ್ಲ ತೀರ್ಮಾನವನ್ನೂ ಟೀಚರ್ ಕಣ್ಣಿಗೆ ತಕ್ಕಂತೆ ಮಾಡುವುದು, ಹುಡುಗನ ಕ್ಯೂಬ್‌ಗೆ ಬೇರೆ ದಾರಿ ನೋಡುವುದು ಅಂತ ಮೂವರೂ ಒಪ್ಪಿದೆವು.

ಬೇರೆ ದಾರಿಗಳನ್ನೂ ಯೋಚಿಸಿದ್ದೆವು. ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳ ಪೈಕಿ ಗ್ನೋಮ್‌ನಲ್ಲಿ ಒಳ್ಳೇ ಮ್ಯಾಗ್ನಿಫೈಯರ್ ಇದೆ, ಕೆಡಿಇಯಲ್ಲಿ ಜೂಮ್ ಮತ್ತು ಬಣ್ಣ ತಿರುವುವ ಎಫೆಕ್ಟ್ ಎರಡೂ ಇವೆ. ಮಷಿನ್ ಸ್ವಲ್ಪ ಹೊಸದಾಗಿದ್ದರೆ ನಾನು ಅವನ್ನೇ ಹೇಳುತ್ತಿದ್ದೆ. ಈ ಆಟಮ್ ಮೇಲೆ, 2 ಜಿಬಿಯಲ್ಲಿ, ಫೈರ್‌ಫಾಕ್ಸ್ ಕೂಡ ತೆರೆದಿರಬೇಕು ಅಂದರೆ ಅವು ಭಾರ. ಪರದೆಯನ್ನು ಓದಿ ಹೇಳುವ ಓರ್ಕಾ ಸ್ಕ್ರೀನ್ ರೀಡರ್ ಬಗ್ಗೆಯೂ ಹೇಳಿದೆ, ಅದಕ್ಕೆ ಧ್ವನಿ ಕೊಡುವ ಈಸ್ಪೀಕ್ ಎನ್‌ಜಿಗೆ ಕನ್ನಡ ಓದಲು ಬರುತ್ತದೆ. ಧ್ವನಿ ಕೇಳಿ ಟೀಚರ್ ತಲೆ ಅಲ್ಲಾಡಿಸಿದರು. ಓದುವ ಕಣ್ಣು ಇನ್ನೂ ಇದೆಯಲ್ಲ, ಅದು ಇರುವ ತನಕ ಓದಿಯೇ ಓದುತ್ತೇನೆ ಅಂದರು.

ಮೊದಲ ಪ್ರಯತ್ನ ಎಕ್ಸ್‌ಎಫ್‌ಸಿಇ

ಹುಡುಗ ಮೊದಲೇ ಎಕ್ಸ್‌ಎಫ್‌ಸಿಇ ಅನ್ನುವ ಡೆಸ್ಕ್‌ಟಾಪ್ ಹಾಕಿದ್ದ. ಅದರ ವಿಂಡೋ ಮ್ಯಾನೇಜರ್ (ವಿಂಡೋಗಳನ್ನು ಇಡುವ, ಸರಿಸುವ ಭಾಗ) ಒಳಗೇ ಕಂಪೋಸಿಟರ್ ಇದೆ. ಆಲ್ಟ್ ಒತ್ತಿ ಹಿಡಿದು ಸ್ಕ್ರೋಲ್ ಮಾಡಿದರೆ ಇಡೀ ಪರದೆ ಜೂಮ್ ಆಗುತ್ತದೆ. ಎಷ್ಟೋ ಜನ ಎಕ್ಸ್‌ಎಫ್‌ಸಿಇ ಬಳಸುವವರಿಗೇ ಇದು ಗೊತ್ತಿಲ್ಲ. ಹಗುರ, ಸರಾಗ. ಮೊದಲ ಸಲ ಅಕ್ಷರ ದೊಡ್ಡದಾದಾಗ ಟೀಚರ್ ಮುಖ ಅರಳಿತು.

ಬಳಸುತ್ತಾ ಹೋದಾಗ ತೊಂದರೆ ಗೊತ್ತಾಯಿತು. ಈ ಜೂಮ್ ಮೌಸ್ ಹಿಂದೆ ಮಾತ್ರ ಓಡುತ್ತದೆ. 1024 ಅಡ್ಡ 600ರ ಪರದೆಯನ್ನು ಎರಡು ಪಟ್ಟು ಜೂಮ್ ಮಾಡಿದರೆ ಕಣ್ಣಿಗೆ ಸಿಗುವುದು 512 ಅಡ್ಡ 300ರಷ್ಟು ಭಾಗ, ಅಂದರೆ ಇಡೀ ಪರದೆಯ ಕಾಲು ಪಾಲು. ಮೂರು ಪಟ್ಟಿನಲ್ಲಿ ಒಂಬತ್ತರಲ್ಲಿ ಒಂದು ಪಾಲು. ಫೈಲು ಮುಚ್ಚುವಾಗ "ಉಳಿಸಬೇಕೇ?" ಅಂತ ಕೇಳುವ ಪುಟ್ಟ ವಿಂಡೋ ಕಾಣದ ಮುಕ್ಕಾಲು ಪಾಲಿನಲ್ಲಿ ತೆರೆದುಕೊಂಡರೆ ಟೀಚರಿಗೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಮಷಿನ್ ನಿಂತುಹೋಯಿತು ಅಂದುಕೊಂಡು ಮುಚ್ಚಳ ಮುಚ್ಚಿದ್ದೂ ಆಯಿತು. ಬಣ್ಣ ತಿರುವುವ ಸೌಲಭ್ಯವೂ ಅದರಲ್ಲಿಲ್ಲ. ಎಕ್ಸ್‌ಎಫ್‌ಸಿಇ ಬಿಡಲು ಈ ಎರಡೇ ಕಾರಣ, ಉಳಿದಂತೆ ಅದರ ಮೇಲೆ ನನಗೆ ದೂರಿಲ್ಲ.

ಮಾಟೆ ಮತ್ತು ಕಾಂಪಿಜ್

ಮಾಟೆ ಡೆಸ್ಕ್‌ಟಾಪ್ ಹಾಕಿ, ಕಾಂಪಿಜ್, ಅದರ ಪ್ಲಗಿನ್‌ಗಳು, ಸೆಟ್ಟಿಂಗ್ ಬದಲಿಸುವ ಸಿಸಿಎಸ್‌ಎಂ ಎಲ್ಲವನ್ನೂ ಡೆಬಿಯನ್ ಭಂಡಾರದಿಂದಲೇ ತಂದೆವು. ಮಾಟೆ ಟ್ವೀಕ್‌ನಲ್ಲಿ ವಿಂಡೋ ಮ್ಯಾನೇಜರ್ ಬದಲಿಸುವ ಜಾಗ ಇದೆ, ಮಾಟೆಯದೇ ಆದ ಮಾರ್ಕೊ ಬದಲು ಕಾಂಪಿಜ್ ಆರಿಸಿದರೆ ಆಯಿತು.

ಆದರೆ ಆರಿಸುವ ಮೊದಲು ಮಾಡಿದ ಒಂದು ಕೆಲಸ ಹೇಳಲೇಬೇಕು. ಕಾಂಪಿಜ್ ಬಳಸಿದವರಿಗೆಲ್ಲ ಗೊತ್ತಿರುವ ಗತಿ ಒಂದಿದೆ: ಅಲಂಕಾರದ ಪ್ಲಗಿನ್ ಆನ್ ಆಗದಿದ್ದರೆ ವಿಂಡೋಗಳ ಮೇಲಿನ ಪಟ್ಟಿಯೇ ಮಾಯ. ಮುಚ್ಚುವ ಗುಂಡಿ ಇಲ್ಲ, ಸರಿಸಲು ಆಗುವುದಿಲ್ಲ, ಹೊಸಬರು ಹೆದರಿ ಪವರ್ ಬಟನ್ ಒತ್ತುತ್ತಾರೆ. ಹಾಗಾಗಿ ಮೊದಲೇ ಡೆಸ್ಕ್‌ಟಾಪ್ ಮೇಲೆ ದೊಡ್ಡ ಐಕಾನ್ ಒಂದನ್ನು ಇಟ್ಟೆವು. ಅದನ್ನು ಒತ್ತಿದರೆ ಮಾರ್ಕೊ ವಾಪಸ್ ಬಂದು ಕಾಂಪಿಜ್ ಜಾಗ ಹಿಡಿಯುತ್ತದೆ. ಹುಡುಗ ಅದಕ್ಕೆ "ಸರಿಮಾಡು" ಅಂತ ಹೆಸರಿಟ್ಟ. ಅದು ಇದ್ದದ್ದರಿಂದಲೇ ಮುಂದೆ ಏನೇ ಪ್ರಯೋಗ ಮಾಡಲೂ ಇಬ್ಬರಿಗೂ ಭಯ ಇರಲಿಲ್ಲ, ನಾನು ಊರಲ್ಲಿ ಇಲ್ಲದಾಗಲೂ ಫೋನಿನಲ್ಲಿ "ಆ ಐಕಾನ್ ಒತ್ತಿ" ಅಂದರೆ ಕೆಲಸ ಮುಗಿಯುತ್ತಿತ್ತು.

ಪ್ಲಗಿನ್‌ಗಳನ್ನು ಒಂದೊಂದಾಗಿ ಆನ್ ಮಾಡಿದೆವು. ವಿಂಡೋ ಅಲಂಕಾರ, ಸರಿಸುವುದು, ಗಾತ್ರ ಬದಲಿಸುವುದು, ವಿಂಡೋ ಇಡುವ ಜಾಗ, ಆಲ್ಟ್ ಟ್ಯಾಬ್. ಇಷ್ಟು ಮೂಲ. ಆಮೇಲೆ ಪ್ರತಿ ಹೊಸ ಪ್ಲಗಿನ್ ಹಾಕಿದಾಗ ಹುಡುಗ ಟಾಪ್ ಅನ್ನುವ ಕಮಾಂಡ್ ತೆರೆದು ಸಿಪಿಯು ಎಷ್ಟು ತಿನ್ನುತ್ತದೆ ಅಂತ ನೋಡಿ ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದ. ಒಂದು ಕಾಲಂನಲ್ಲಿ ಅದು, ಪಕ್ಕದ ಕಾಲಂನಲ್ಲಿ "ಅಜ್ಜಿಗೆ ಬೇಕಾ?" ಅಂತ. ಆ ಎರಡನೇ ಕಾಲಂ ಅವನದೇ ಯೋಚನೆ, ನನಗೆ ತುಂಬಾ ಹಿಡಿಸಿತು.

ಜೂಮ್‌ಗೆ ಕಾಂಪಿಜ್‌ನಲ್ಲಿ ಇರುವುದು ಎನ್‌ಹಾನ್ಸ್ಡ್ ಜೂಮ್ ಡೆಸ್ಕ್‌ಟಾಪ್ ಪ್ಲಗಿನ್. ಇದು ಮೌಸ್ ಹಿಂದೆಯೂ ಹೋಗುತ್ತದೆ, ಹೊಸ ವಿಂಡೋಗೆ ಫೋಕಸ್ ಬಂದರೆ ಅದರ ಹಿಂದೆಯೂ ಹೋಗುತ್ತದೆ. "ಉಳಿಸಬೇಕೇ?" ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ಪ್ರಶ್ನೆಯ ವಿಂಡೋ ಎಲ್ಲೇ ತೆರೆಯಲಿ, ನೋಟ ಜಾರಿಕೊಂಡು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಸೂಪರ್ ಕೀ (ವಿಂಡೋಸ್ ಗುರುತಿನ ಕೀ) ಒತ್ತಿ ಸ್ಕ್ರೋಲ್ ಮಾಡುವುದು ಅದರ ಮಾಮೂಲಿ ವಿಧಾನ. ನೆಟ್‌ಬುಕ್‌ನ ಬೆಂಕಿಪೊಟ್ಟಣದಷ್ಟು ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಸರಿಸುತ್ತಾ ಇನ್ನೊಂದು ಕೈಯಲ್ಲಿ ಕೀ ಹಿಡಿಯುವುದು ಟೀಚರಿಗೆ ಆಗಲಿಲ್ಲ, ಜೂಮ್ ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಆಗಿ ತಲೆ ಸುತ್ತಿತು. ಅದೇ ಪ್ಲಗಿನ್‌ನಲ್ಲಿ ನಿಗದಿತ ಜೂಮ್ ಮಟ್ಟಗಳೂ ಇವೆ: ಸೂಪರ್ ಜೊತೆ 1, 2, 3. ಅಲ್ಲಿ ಬರೆಯಬೇಕಾದ ಸಂಖ್ಯೆ ತಿರುವುಮುರುವು. ಎರಡು ಪಟ್ಟು ಬೇಕಾದರೆ 0.5, ಮೂರು ಪಟ್ಟಿಗೆ 0.33. ಒಂದು ಒತ್ತಿದರೆ ಮಾಮೂಲು, ಎರಡು ಒತ್ತಿದರೆ ಎರಡು ಪಟ್ಟು, ಮೂರು ಒತ್ತಿದರೆ ಮೂರು ಪಟ್ಟು. ಟೀಚರ್ ಒಂದೇ ಸಲಕ್ಕೆ ಕಲಿತರು.

ಬಿಳಿ ಪರದೆಗೆ ನೆಗೆಟಿವ್ ಪ್ಲಗಿನ್. ಸೂಪರ್ ಜೊತೆ ಎನ್ ಒತ್ತಿದರೆ ಎದುರಿನ ವಿಂಡೋ ಮಾತ್ರ ಕಪ್ಪು ಬಿಳುಪು ಅದಲುಬದಲು, ಎಂ ಒತ್ತಿದರೆ ಇಡೀ ಪರದೆ. ಮೊದಲು ಇಡೀ ಪರದೆಗೇ ಹಾಕಿದೆವು. ಆದರೆ ಮಗಳು ಕಳಿಸಿದ ಫೋಟೋ ತೆರೆದಾಗ ಮುಖವೆಲ್ಲ ನೀಲಿ ನೀಲಿ. ಫೋಟೋ ತೋರಿಸುವ ಐ ಆಫ್ ಮಾಟೆಗೆ ಇದು ಬೇಡ ಅಂತ ಪ್ಲಗಿನ್‌ಗೆ ಹೇಳುವ ಅವಕಾಶ ಇದೆ, ವಿಂಡೋದ ಕ್ಲಾಸ್ ಹೆಸರು ಕೊಟ್ಟರೆ ಸಾಕು. ಕೊನೆಗೆ ಉಳಿದದ್ದು ವಿಂಡೋ ಒಂದಕ್ಕೆ ಮಾತ್ರ ಹಾಕುವ ಎನ್ ಕೀ. ಬೇಕಾದಾಗ ಒತ್ತುವುದೇ ಟೀಚರಿಗೆ ಇಷ್ಟವಾಯಿತು.

ಒತ್ತಕ್ಷರದ ಸಮಸ್ಯೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಕನ್ನಡ ಓದುವವರಿಗೆ ಇದೇ ಮುಖ್ಯ, ಇಂಗ್ಲಿಷ್‌ನಲ್ಲಿ ಬರೆದ ಯಾವ ಮಾರ್ಗದರ್ಶಿಯಲ್ಲೂ ನಾನು ಇದನ್ನು ನೋಡಿಲ್ಲ.

ಮೂರು ಪಟ್ಟು ಜೂಮ್ ಮಾಡಿದರೂ ಟೀಚರ್ ಕೆಲವು ಪದಗಳಲ್ಲಿ ತಡವರಿಸುತ್ತಿದ್ದರು. ಪರೀಕ್ಷೆಗೆ ಅವರೇ ಪದ ಕೊಟ್ಟರು: ಪವನ, ರಾಷ್ಟ್ರ, ಷಷ್ಠಿ, ಕರ್ತೃ. "ಪ ಯಾವುದು ವ ಯಾವುದು ಅಂತ ಊಹೆ ಮಾಡಿ ಓದ್ತಿದ್ದೇನೆ, ಇದು ಓದೋದಲ್ಲ" ಅಂದರು. ಎಷ್ಟು ಸರಿ ಅಲ್ವಾ?

ಕಾಂಪಿಜ್‌ನ ಜೂಮ್ ಅಕ್ಷರವನ್ನು ಹೊಸದಾಗಿ ಬರೆಯುವುದಿಲ್ಲ. ಪರದೆಯ ಮೇಲೆ ಆಗಲೇ ಮೂಡಿರುವ ಚುಕ್ಕಿಗಳನ್ನು ಹಿಗ್ಗಿಸುತ್ತದೆ. ಸಣ್ಣ ಅಳತೆಯಲ್ಲಿ ಷ ಕೆಳಗಿನ ಟ ಒತ್ತು, ಅದರ ಪಕ್ಕದ ರ ಒತ್ತು ಮೊದಲೇ ಒಂದಕ್ಕೊಂದು ಅಂಟಿಕೊಂಡಿದ್ದರೆ, ಎಷ್ಟು ಹಿಗ್ಗಿಸಿದರೂ ಅವು ಬಿಡಿಸಿಕೊಳ್ಳುವುದಿಲ್ಲ, ದೊಡ್ಡ ಮುದ್ದೆ ಆಗುತ್ತವೆ ಅಷ್ಟೆ. ಇಂಗ್ಲಿಷಿನ ಅಕ್ಷರ ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಈ ಪೆಟ್ಟು ಕಮ್ಮಿ. ಕನ್ನಡಕ್ಕೆ ಮೇಲೂ ಕೆಳಗೂ ಜಾಗ ಬೇಕು.

ಹಾಗಾಗಿ ಕ್ರಮ ಬದಲಿಸಿದೆವು. ಮೊದಲು ಮೂಲ ಅಕ್ಷರವನ್ನೇ ದೊಡ್ಡದು ಮಾಡುವುದು, ಆಮೇಲೆ ಜೂಮ್. ಮಾಟೆಯ ಫಾಂಟ್ ಸೆಟ್ಟಿಂಗ್‌ನಲ್ಲಿ ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ, ಏರಿಸಿದರೆ ಅಕ್ಷರ ದೊಡ್ಡದಾಗುತ್ತದೆ) 96ರಿಂದ 120ಕ್ಕೆ ಏರಿಸಿದೆವು. ಬರೆಯುವ ಎಡಿಟರ್ ಮತ್ತು ಫೈರ್‌ಫಾಕ್ಸ್‌ನಲ್ಲಿ ಅಕ್ಷರ ಇನ್ನೂ ದೊಡ್ಡದು. ಲೋಹಿತ್, ನವಿಲು, ಗುಬ್ಬಿ, ನೋಟೊ ಸ್ಯಾನ್ಸ್ ಫಾಂಟ್‌ಗಳನ್ನೆಲ್ಲ ಹಾಕಿ ಆ ಪರೀಕ್ಷೆ ಪದಗಳನ್ನು ಓದಿಸಿದೆವು. ಟೀಚರ್ ಆರಿಸಿದ್ದು ನೋಟೊ ಸ್ಯಾನ್ಸ್ ಕನ್ನಡ. ಬೋಲ್ಡ್ ಮಾಡಿದರೆ ಒತ್ತು ಮತ್ತೆ ಕೂಡಿಕೊಳ್ಳುತ್ತಿತ್ತು, ಹಾಗಾಗಿ ಮಾಮೂಲಿ ದಪ್ಪವೇ ಸಾಕಾಯಿತು.

ಇನ್ನೊಂದು ಸೂಕ್ಷ್ಮ ಇತ್ತು. ಎಲ್‌ಸಿಡಿಗೆ ಅಂತ ಮಾಡುವ ಸಬ್‌ಪಿಕ್ಸೆಲ್ ನಯಗೊಳಿಸುವಿಕೆ ಅಕ್ಷರದ ಅಂಚಿಗೆ ಕೆಂಪು, ನೀಲಿ ಛಾಯೆ ಸೇರಿಸುತ್ತದೆ. ಮಾಮೂಲಿ ಗಾತ್ರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೂರು ಪಟ್ಟು ಹಿಗ್ಗಿಸಿ, ಬಣ್ಣ ತಿರುವಿದಾಗ ಪ್ರತಿ ಅಕ್ಷರದ ಸುತ್ತ ಬಣ್ಣದ ಗೆರೆ ಎದ್ದು ಕಾಣುತ್ತದೆ. ಅದನ್ನು ಬರೀ ಬೂದು ಛಾಯೆಗೆ ಬದಲಿಸಿದ ಕೂಡಲೇ ಟೀಚರ್ "ಈಗ ಸ್ವಚ್ಛ ಆಯ್ತು ನೋಡು" ಅಂದರು. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಅತಿ ಕಮ್ಮಿ ಶ್ರಮಕ್ಕೆ ಅತಿ ಜಾಸ್ತಿ ಫಲ ಕೊಟ್ಟದ್ದು ಇದೇ.

ಬರೆಯುವಾಗ ಜೂಮ್ ಬಳಸದಿರುವುದು ಅಂತಲೂ ತೀರ್ಮಾನ ಆಯಿತು. ಎರಡು ಪಟ್ಟು ಜೂಮ್‌ನಲ್ಲಿ ಸಾಲಿನ ಅರ್ಧ ಹೊರಗೆ ಹೋಗುತ್ತದೆ, ಮೌಸ್ ಎಳೆದಾಡುತ್ತಾ ವಾಕ್ಯ ಕಟ್ಟುವುದು ಕಷ್ಟ. ಎಡಿಟರ್‌ನಲ್ಲಿ ಅಕ್ಷರವೇ ದೊಡ್ಡದಿದ್ದರೆ ಸಾಲು ತಾನಾಗಿ ಮಡಚಿಕೊಂಡು ಕೆಳಗೆ ಬರುತ್ತದೆ. ಜೂಮ್ ಬೇಕಾಗುವುದು ಮೆನು, ಪುಟ್ಟ ವಿಂಡೋ, ವೆಬ್ ಪುಟದ ಸಣ್ಣ ಸಾಲುಗಳಿಗೆ. ಸುದ್ದಿ ಓದಲು ಫೈರ್‌ಫಾಕ್ಸ್‌ನ ರೀಡರ್ ವ್ಯೂ ಕಲಿಸಿದೆವು. ಅಲ್ಲಿ ಕಪ್ಪು ಹಿನ್ನೆಲೆ, ದೊಡ್ಡ ಅಕ್ಷರ ಎರಡೂ ಸಿಗುತ್ತವೆ, ಜಾಹೀರಾತು ಇಲ್ಲದ್ದರಿಂದ ಆಟಮ್‌ಗೂ ಉಸಿರು.

ಅಕ್ಷರ ದೊಡ್ಡದು ಮಾಡಿದ್ದರಿಂದ ಹೊಸ ತೊಡಕು ಬಂತು. 600 ಚುಕ್ಕಿ ಎತ್ತರದ ಪರದೆಯಲ್ಲಿ ಸೆಟ್ಟಿಂಗ್ ವಿಂಡೋಗಳ ಕೆಳಗಿನ ಗುಂಡಿಗಳು ಪರದೆಯಿಂದ ಆಚೆ ಹೋದವು. ಆಲ್ಟ್ ಹಿಡಿದು ವಿಂಡೋವನ್ನು ಮೇಲಕ್ಕೆ ಎಳೆದರೆ ತುದಿಗೆ ಬಂದು ನಿಂತುಬಿಡುತ್ತದೆ. ಸರಿಸುವ ಪ್ಲಗಿನ್ ಒಳಗೆ ಕನ್‌ಸ್ಟ್ರೇನ್ ವೈ ಅಂತ ಒಂದು ಗುರುತು ಇದೆ, ಅದನ್ನು ತೆಗೆದರೆ ವಿಂಡೋ ಪರದೆಯ ಮೇಲಂಚು ದಾಟಿ ಹೋಗುತ್ತದೆ, ಕೆಳಗಿನ ಗುಂಡಿ ಮೇಲೆ ಬರುತ್ತದೆ. ನೆಟ್‌ಬುಕ್ ಕಾಲದ ಹಳೇ ಉಪಾಯ, ಈಗಲೂ ಅಷ್ಟೇ ಬೇಕಾದದ್ದು.

ಇಟ್ಟುಕೊಂಡದ್ದು, ಬಿಟ್ಟದ್ದು

ಅಲುಗಾಡುವ ವಿಂಡೋಗಳನ್ನು ಹುಡುಗ ತುಂಬಾ ಇಷ್ಟಪಟ್ಟಿದ್ದ. ಜೂಮ್ ಆದಾಗ ವಿಂಡೋ ಅಲುಗಾಡಿದರೆ ಟೀಚರಿಗೆ ವಾಕರಿಕೆ ಬಂದ ಹಾಗಾಯಿತು. ತೆಗೆದೆವು. ಬ್ಲರ್ ಈ ಚಿಪ್‌ಗೆ ಭಾರ, ಮಂಕು ಕಣ್ಣಿನವರಿಗೆ ಇನ್ನಷ್ಟು ಮಂಕು ಮಾಡುವ ಎಫೆಕ್ಟ್ ಯಾಕೆ ಬೇಕು, ಅದನ್ನೂ ತೆಗೆದೆವು. ಪಾರದರ್ಶಕ ವಿಂಡೋಗಳೂ ಹೋದವು.

ವಿಂಡೋ ಕೆಳಗಿಳಿಸಿದಾಗ ಅದು ಸೊಟ್ಟಗೆ ಎಳೆದುಕೊಂಡು ಕೆಳಗಿನ ಪಟ್ಟಿಯೊಳಗೆ ಸೇರುವ ಮ್ಯಾಜಿಕ್ ಲ್ಯಾಂಪ್ ಅನಿಮೇಷನ್ ಬರೀ ಅಲಂಕಾರ ಅಂತ ತೆಗೆಯಲು ಹೊರಟಿದ್ದೆ. ಟೀಚರ್ ತಡೆದರು. "ಅದಿದ್ರೆ ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ತದೆ. ಇಲ್ಲದಿದ್ರೆ ಇದ್ದಕ್ಕಿದ್ದಂತೆ ಕಾಣೆಯಾಗ್ತದೆ." ಅವರಿಗೆ ಅಂಚಿನ ದೃಷ್ಟಿ ಚೆನ್ನಾಗಿದೆ, ಚಲನೆ ಬೇಗ ಗೊತ್ತಾಗುತ್ತದೆ. ಹಾಗಾಗಿ ಅದನ್ನು ಇಟ್ಟದ್ದಲ್ಲದೆ ಸ್ವಲ್ಪ ನಿಧಾನವೂ ಮಾಡಿದೆವು. ಯಾವುದು ಅಲಂಕಾರ, ಯಾವುದು ಅಗತ್ಯ ಅಂತ ಕಣ್ಣು ಚೆನ್ನಾಗಿರುವ ನಾವು ಕೂತು ತೀರ್ಮಾನಿಸಬಾರದು ಅನ್ನುವುದು ನನಗೆ ಇಲ್ಲಿ ಗಟ್ಟಿಯಾಯಿತು.

ಫೋಕಸ್ ಇಲ್ಲದ ವಿಂಡೋಗಳನ್ನು ಮಬ್ಬು ಮಾಡುವ ಎಡಿಡಿ ಹೆಲ್ಪರ್ ಪ್ಲಗಿನ್ ಕೂಡ ಉಳಿಯಿತು, ಯಾವುದರಲ್ಲಿ ಬರೆಯುತ್ತಿದ್ದೇವೆ ಅಂತ ತಟ್ಟನೆ ತಿಳಿಯುತ್ತದೆ. ಮೌಸ್ ಕಳೆದುಹೋದರೆ ಹುಡುಕಲು ಶೋ ಮೌಸ್ ಇದೆ, ಬಾಣದ ಸುತ್ತ ಕಿಡಿಗಳ ಉಂಗುರ ಬರುತ್ತದೆ. ಅದು ಸಿಪಿಯು ತಿನ್ನುವುದನ್ನು ಹುಡುಗನ ನೋಟ್‌ಬುಕ್ ತೋರಿಸಿತ್ತು. ಕಿಡಿಗಳ ಸಂಖ್ಯೆ ಇಳಿಸಿ, ಕೀ ಒತ್ತಿದಾಗ ಮಾತ್ರ ಬರುವ ಹಾಗೆ ಇಟ್ಟೆವು. ಬಾಣದ ಗಾತ್ರವನ್ನೇ 48ಕ್ಕೆ ಏರಿಸಿದ ಮೇಲೆ ಅದರ ಅಗತ್ಯವೂ ಕಮ್ಮಿಯಾಯಿತು.

ಕ್ಯೂಬ್ ಏನಾಯಿತು? ಚೆನ್ನಾಗಿಯೇ ತಿರುಗಿತು, ಜಿಎಂಎ 950ಗೆ ಅದು ಕಷ್ಟದ ಕೆಲಸವೇ ಅಲ್ಲ. ಆದರೆ ನಾಲ್ಕು ಮುಖಗಳಲ್ಲಿ ವಿಂಡೋ ಹಂಚಿಹೋದರೆ ಟೀಚರಿಗೆ ಹುಡುಕಲು ಆಗುವುದಿಲ್ಲ. ಕಾಂಪಿಜ್ ಸೆಟ್ಟಿಂಗ್ ಪ್ರತಿ ಬಳಕೆದಾರನಿಗೂ ಬೇರೆ ಬೇರೆ ಉಳಿಯುತ್ತದೆ. ಹುಡುಗನಿಗೆ ಬೇರೆ ಲಾಗಿನ್ ಮಾಡಿದೆವು. ಅವನ ಲಾಗಿನ್‌ನಲ್ಲಿ ಕ್ಯೂಬ್, ಅಲುಗಾಟ ಎಲ್ಲ ಇದೆ.

ಮಾನಿಟರ್ ಜೋಡಿಸಿದ ದಿನ

ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ ಹುಡುಗನ ಮಾವ ಒಂದು ಹಳೇ ಮಾನಿಟರ್ ತಂದುಕೊಟ್ಟರು, 1366 ಅಡ್ಡ 768ರದ್ದು. ವಿಜಿಎ ಕೇಬಲ್ ಹಾಕಿ ಲ್ಯಾಪ್‌ಟಾಪ್ ಪಕ್ಕದಲ್ಲಿ ಜೋಡಿಸಿದರು. ಬಲಗಡೆಯ ಒಂದು ಪಟ್ಟಿ ಕಪ್ಪಾಗಿ ನಿಂತಿತು, ಜೂಮ್ ಕೆಟ್ಟಿತು. ಹುಡುಗ ಫೋನ್ ಮಾಡಿದ. ಡ್ರೈವರ್ ಹಾಳಾಯಿತಾ, ಮತ್ತೆ ಇನ್‌ಸ್ಟಾಲ್ ಮಾಡಬೇಕಾ ಅಂತ ಅವನ ಚಿಂತೆ.

ಕಾರಣ ಲೆಕ್ಕದಲ್ಲೇ ಇದೆ. ಈ ಚಿಪ್ 3ಡಿಯಲ್ಲಿ ಸಂಭಾಳಿಸುವ ಗರಿಷ್ಠ ಅಳತೆ 2048 ಅಡ್ಡ 2048. ಎರಡು ಪರದೆ ಅಕ್ಕಪಕ್ಕ ಇಟ್ಟರೆ ಎರಡೂ ಸೇರಿ ಒಂದೇ ದೊಡ್ಡ ಪರದೆ ಅಂತ ಲೆಕ್ಕ. 1024ಕ್ಕೆ 1366 ಕೂಡಿದರೆ 2390. ಮಿತಿ ದಾಟಿತು.

ಪರಿಹಾರವೂ ಅದೇ ಲೆಕ್ಕದಲ್ಲಿ ಸಿಗುತ್ತದೆ. ಪಕ್ಕದಲ್ಲಿ ಇಡುವ ಬದಲು ಮಾನಿಟರ್ ಲ್ಯಾಪ್‌ಟಾಪ್‌ನ ಮೇಲ್ಗಡೆ ಇದೆ ಅಂತ ಸೆಟ್ಟಿಂಗ್‌ನಲ್ಲಿ ಹೇಳಿದರೆ ಅಗಲ 1366, ಎತ್ತರ 768 ಮತ್ತು 600 ಸೇರಿ 1368. ಎರಡೂ 2048ರ ಒಳಗೆ. ಮೇಜಿನ ಮೇಲೆ ಮಾನಿಟರ್ ಎಲ್ಲಿಟ್ಟರೂ ಪರವಾಗಿಲ್ಲ, ಸೆಟ್ಟಿಂಗ್‌ನಲ್ಲಿ ಮೇಲೆ ಇದ್ದರೆ ಸಾಕು. ಫೋನಿನಲ್ಲೇ ಹೇಳಿಕೊಟ್ಟೆ, ಹುಡುಗ ಅಲ್ಲೇ ಸರಿ ಮಾಡಿದ. ಇದು ಗೊತ್ತಿಲ್ಲದೆ ಎಷ್ಟು ಜನ ಈ ಚಿಪ್‌ಗೆ ಎಫೆಕ್ಟು ಬರುವುದಿಲ್ಲ ಅಂತ ಕೈಬಿಟ್ಟಿರಬಹುದು ಅಂತ ನೆನೆದರೆ ಬೇಜಾರಾಗುತ್ತದೆ.

ಟೀಚರಿಗೆ ಎರಡು ಪರದೆ ಗೊಂದಲ. ಮಾನಿಟರ್ ಜೋಡಿಸಿದಾಗ ಲ್ಯಾಪ್‌ಟಾಪ್ ಪರದೆ ಆಫ್ ಆಗುವ ಹಾಗೆ ಕೊನೆಗೆ ಇಟ್ಟೆವು. ಉದ್ದ ಬರೆಯುವಾಗ ಮಾನಿಟರ್, ಜಗಲಿಯಲ್ಲಿ ಕೂತು ಓದುವಾಗ ಬರೀ ನೆಟ್‌ಬುಕ್.

ಈಗಿನ ಸ್ಥಿತಿ

ಟೀಚರ್ ರೀಡರ್ ವ್ಯೂನಲ್ಲಿ ಪತ್ರಿಕೆ ಓದುತ್ತಾರೆ, ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಬರೆಯುತ್ತಾರೆ. ಜೂಮ್ ಕೀಗಳನ್ನು ನೋಡದೇ ಒತ್ತುತ್ತಾರೆ. ಎಲ್ಲ ಕಷ್ಟ ಹೋಗಿಲ್ಲ. ಭಾರದ ಜಾಲತಾಣ ತೆರೆದರೆ ಮಷಿನ್ ಈಗಲೂ ಏದುಸಿರು ಬಿಡುತ್ತದೆ, ವಿಡಿಯೋ ಓಡುವಾಗ ಜೂಮ್ ತಡವರಿಸುತ್ತದೆ. ಎರಡು ಟ್ಯಾಬ್‌ಗಿಂತ ಜಾಸ್ತಿ ತೆರೆಯಬೇಡಿ ಅಂತ ಹೇಳಿದ್ದೇವೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ಮುಂದುವರಿದಿದೆ, ಇದು ಅದರ ಬದಲಿಗೆ ಅಲ್ಲ.

ಇಂಥದ್ದೇ ಕೆಲಸ ಹಿಡಿದವರಿಗೆ ಕ್ರಮ ಹೇಳಬೇಕಾದರೆ: ಜಿಎಲ್‌ಎಕ್ಸ್‌ಇನ್ಫೊದ ಆ ಒಂದು ಸಾಲು, ಆಮೇಲೆ ಮೂಲ ಅಕ್ಷರದ ಗಾತ್ರ ಮತ್ತು ಬೂದು ಛಾಯೆ, ಆಮೇಲೆ ವಾಪಸ್ ಬರುವ ಐಕಾನ್, ಅದಾದ ಮೇಲೆಯೇ ಪ್ಲಗಿನ್‌ಗಳು, ಒಂದೊಂದಾಗಿ, ಬಳಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಕ್ರಮ ತಪ್ಪಿದರೆ ಸಣ್ಣ ಮಸುಕು ಅಕ್ಷರವನ್ನು ಜೂಮ್‌ನಿಂದ ಸರಿಮಾಡಲು ಹೋಗಿ ಸಮಯ ಹಾಳು.

ಮುಂದಿನ ಪ್ರಶ್ನೆ ಮಷಿನ್ನಿನದು. 2025ರಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಇನ್‌ಸ್ಟಾಲರ್ ಇಲ್ಲ, ಹಾಗಾಗಿ ಈ ನೆಟ್‌ಬುಕ್‌ಗೆ ಡೆಬಿಯನ್ 12ರಿಂದ ಮುಂದೆ ದಾರಿಯಿಲ್ಲ. ಸಿಸಿಎಸ್‌ಎಂನಲ್ಲಿ ಟೀಚರ್ ಸೆಟ್ಟಿಂಗ್ ಪೂರ್ತಿ ಒಂದು ಫೈಲಾಗಿ ತೆಗೆದು ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೇವೆ. 64 ಬಿಟ್‌ನ ಹಳೇ ಲ್ಯಾಪ್‌ಟಾಪ್ ಒಂದನ್ನು ಹುಡುಕುತ್ತಿದ್ದೇವೆ, ಅದು ಸಿಕ್ಕರೆ ಮಾಟೆ, ಕಾಂಪಿಜ್ ಹಾಕಿ ಆ ಫೈಲನ್ನು ತುಂಬುವುದು. ಟೀಚರ್ ಎರಡು ಷರತ್ತು ಹಾಕಿದ್ದಾರೆ: ಪರದೆ ಕನ್ನಡಿಯ ಹಾಗೆ ಹೊಳೆಯಬಾರದು, ಸೂಪರ್ ಕೀ ಈಗ ಇರುವ ಜಾಗದಲ್ಲೇ ಇರಬೇಕು.